ಕೋಶದಿಂದ ಪರಿಸರ ವ್ಯವಸ್ಥೆಯವರೆಗೆ: ಜೀವವಿಜ್ಞಾನದ ಪಾಠ ಮತ್ತು ಕನ್ನಡದ ಮಾತು

ಪ್ರೌಢಶಾಲೆಯ ಜೀವವಿಜ್ಞಾನದ ಪಠ್ಯವನ್ನು ಒಂದು ಏಣಿಗೆ ಹೋಲಿಸಬಹುದು. ಕೆಳಗಿನ ಮೆಟ್ಟಿಲಲ್ಲಿ ಜೀವಕೋಶ, ಅದರ ಮೇಲೆ ಅಂಗಾಂಶ, ಅಂಗ, ಜೀವಿ, ಅನಂತರ ಜೀವಿಸಮುದಾಯ, ತುದಿಯಲ್ಲಿ ಪರಿಸರ ವ್ಯವಸ್ಥೆ. ಒಂದೊಂದು ಮೆಟ್ಟಿಲಿಗೂ ಕನ್ನಡದಲ್ಲಿ ಹೆಸರಿದೆ. ಈ ಹೆಸರುಗಳಲ್ಲಿ ಯಾವುದು ಸಂಸ್ಕೃತಜನ್ಯ, ಯಾವುದು ದೇಶ್ಯ, ಯಾವುದನ್ನು ಇಂಗ್ಲಿಷಿನಿಂದ ಹಾಗೆಯೇ ತೆಗೆದುಕೊಳ್ಳಬೇಕಿತ್ತು ಎಂಬ ಚರ್ಚೆ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಸಂಗಡಿಗರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ ಕಾಲದಿಂದಲೂ ಕನ್ನಡಕ್ಕೆ ಹೊಸದಲ್ಲ. ಆದರೆ ಪದವು ಸಿದ್ಧವಾಗಿ ಪುಸ್ತಕ ಸೇರಿದ ಮೇಲೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಅದು ಮಾಡುವ ಕೆಲಸ ಬೇರೆಯೇ ಇದೆ. ಪದ ಕೇವಲ ಹೆಸರಲ್ಲ. ಅದರ ಹಳೆಯ ಅರ್ಥಗಳೂ ಅದರ ಜೊತೆಗೇ ತರಗತಿಯೊಳಕ್ಕೆ ಬರುತ್ತವೆ. ಕೆಲವು ಸಲ ಅವು ಪರಿಕಲ್ಪನೆಗೆ ನೆರವಾಗುತ್ತವೆ, ಕೆಲವು ಸಲ ಅಡ್ಡ ನಿಲ್ಲುತ್ತವೆ.

ಹೊರನಾಡಿನ ಕನ್ನಡ ವಿದ್ಯಾರ್ಥಿಗೆ ಈ ಪ್ರಶ್ನೆ ಇನ್ನೂ ತೀವ್ರವಾದುದು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ ಕನ್ನಡದಲ್ಲಿಯೂ ಪುಸ್ತಕಗಳನ್ನು ಹೊರತಂದಿದೆ. ಅದನ್ನು ಓದುವ ಹುಡುಗನ ನೆರೆಮನೆಯ ಗೆಳೆಯ ಮರಾಠಿಯಲ್ಲಿ ಜೀವಕೋಶವನ್ನು ‘ಪೇಶಿ’ ಎಂದು ಕಲಿಯುತ್ತಾನೆ. ಕನ್ನಡದ ಕಿವಿಗೆ ಪೇಶಿ ಎಂದರೆ ಮಾಂಸಪೇಶಿ, ಅಂದರೆ ಸ್ನಾಯು. ಹೈದರಾಬಾದಿನಲ್ಲಿ ತೆಲುಗು ಪುಸ್ತಕ ಅದನ್ನೇ ‘ಕಣಂ’ ಎನ್ನುತ್ತದೆ. ಕನ್ನಡದಲ್ಲಿ ಕಣವೆಂದರೆ ಧೂಳಿನ ಕಣ, ಅಕ್ಕಿಯ ನುಚ್ಚು, ಒಳಗೆ ಏನೂ ಇಲ್ಲದ ಚೂರು. ವಸ್ತು ಒಂದೇ, ಒಂದು ಭಾಷೆ ಅದನ್ನು ಮಾಂಸವಾಗಿ, ಇನ್ನೊಂದು ಚೂರಾಗಿ, ಮತ್ತೊಂದು ಭಂಡಾರವಾಗಿ ಕಂಡಿದೆ.

ಭಂಡಾರವೆಂದು ಕಂಡದ್ದು ಕನ್ನಡ. ‘ಕೋಶ’ ಎಂದರೆ ಬೊಕ್ಕಸ, ಕತ್ತಿಯ ಒರೆ, ಹೂವಿನ ಮೊಗ್ಗು, ಶಬ್ದಗಳ ನಿಘಂಟು. ರೇಷ್ಮೆ ಹುಳುವಿನ ಗೂಡೂ ಕೋಶವೇ, ಅದರಿಂದಲೇ ರೇಷ್ಮೆಗೆ ಕೌಶೇಯವೆಂಬ ಹೆಸರು. ಇವೆಲ್ಲದರಲ್ಲಿ ಸಮಾನವಾದುದು ಒಂದು ಹೊದಿಕೆ ಮತ್ತು ಅದರೊಳಗೆ ಕಾಪಾಡಿದ ಒಂದು ಸಾರ. ಇಂಗ್ಲಿಷಿನ ‘ಸೆಲ್’ ಹಾಗಲ್ಲ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಕಂಡದ್ದು ಜೇನುಹುಟ್ಟಿನಂಥ ಖಾಲಿ ಗೂಡುಗಳು. ಅವುಗಳಿಗೆ ಆತ ಚಿಕ್ಕ ಕೋಣೆ ಎಂಬರ್ಥದ ಹೆಸರನ್ನಿತ್ತ. ಆತ ಕಂಡದ್ದು ಸತ್ತ ಅಂಗಾಂಶದ ಗೋಡೆಗಳನ್ನು ಮಾತ್ರ. ಶ್ಲೈಡೆನ್ ಮತ್ತು ಶ್ವಾನ್ 1838-39ರಲ್ಲಿ ಕೋಶಸಿದ್ಧಾಂತವನ್ನು ಮಂಡಿಸಿ, ಕೋಶದಿಂದಲೇ ಕೋಶ ಹುಟ್ಟುತ್ತದೆಂದು ವಿರ್ಶೋ 1855ರಲ್ಲಿ ಸಾರುವ ಹೊತ್ತಿಗೆ ಕೋಣೆಯ ಒಳಗಿನದೇ ಮುಖ್ಯವಾಗಿತ್ತು, ಹೆಸರು ಮಾತ್ರ ಬದಲಾಗಲಿಲ್ಲ. ತಡವಾಗಿ ಬಂದದ್ದರಿಂದ ಕನ್ನಡಕ್ಕೆ ಇಲ್ಲಿ ಲಾಭವೇ ಆಗಿದೆ ಎನ್ನಬೇಕು.

‘ಕೋಶಪೊರೆ’ ಇನ್ನೂ ಒಳ್ಳೆಯ ಪದ. ಹಾವಿನ ಪೊರೆ, ಕಣ್ಣಿನ ಪೊರೆ ಎಲ್ಲರಿಗೂ ಗೊತ್ತು. ಹಳಗನ್ನಡ ಓದಿದವರಿಗೆ ‘ಪೊರೆ’ ಎಂಬ ಕ್ರಿಯಾಪದವೂ ನೆನಪಾಗುತ್ತದೆ: ಕಾಪಾಡು, ಸಲಹು. ಇವೆರಡನ್ನೂ ಒಂದೇ ಮೂಲಕ್ಕೆ ಕಟ್ಟಬೇಕಾಗಿಲ್ಲ. ಆದರೆ ಬೇಕಾದುದನ್ನು ಒಳಗೆ ಬಿಟ್ಟು ಬೇಡವಾದುದನ್ನು ತಡೆದು ಕೋಶವನ್ನು ಸಲಹುವ ಪದರಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗುವುದು ಕಷ್ಟ. ‘ಕೋಶಕೇಂದ್ರ’ದ ವಿಷಯದಲ್ಲಿ ಹೀಗೆ ಹೇಳಲಾಗದು. ಬೆಳೆದ ಸಸ್ಯಕೋಶದಲ್ಲಿ ನಡುವಿನ ಜಾಗವನ್ನೆಲ್ಲ ರಸದಾನಿ ಆಕ್ರಮಿಸಿರುತ್ತದೆ, ಕೋಶಕೇಂದ್ರ ಒಂದು ಬದಿಗೆ ಒತ್ತರಿಸಲ್ಪಟ್ಟಿರುತ್ತದೆ. ಹೆಸರನ್ನು ನಂಬಿ ಚಿತ್ರ ಬರೆದ ವಿದ್ಯಾರ್ಥಿ ಅದನ್ನು ಒಯ್ದು ನಟ್ಟನಡುವೆ ಇಡುತ್ತಾನೆ.

ಇಷ್ಟರ ಮೇಲಿನ ಮಾತಿಗೆ ಒಂದು ಗಿಡವನ್ನು ಆರಿಸಿಕೊಳ್ಳುವುದು ಒಳಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದುಕೊಂಡು ಕನ್ನಡದಲ್ಲಿ ಬರೆದ ಬಿ.ಜಿ.ಎಲ್. ಸ್ವಾಮಿಯವರ ಕ್ರಮ ಇದೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ‘ಹಸುರು ಹೊನ್ನು’ವಿನಲ್ಲಿ ಓದುಗ ವಿದ್ಯಾರ್ಥಿಗಳ ಗುಂಪಿನೊಡನೆ ಕಾಡು ಸುತ್ತುತ್ತ ಗಿಡಗಳ ಪರಿಚಯ ಮಾಡಿಕೊಳ್ಳುತ್ತಾನೆ. ಮುಂಬಯಿಯ ಓದುಗರಿಗೆ ಹತ್ತಿರದ ಗಿಡವೆಂದರೆ ಠಾಣೆ ಖಾರಿಯ ಕೆಸರಿನಲ್ಲಿ ಬೆಳೆದ ಕಾಂಡ್ಲವನದ ಗಿಡ. ಮರಾಠಿಗರು ಅದನ್ನು ತಿವರ ಎನ್ನುತ್ತಾರೆ, ಸಸ್ಯವಿಜ್ಞಾನದಲ್ಲಿ ಅದರ ಹೆಸರು ಅವಿಸೆನಿಯಾ ಮರೀನಾ. ಲೋಕಲ್ ರೈಲಿನ ಕಿಟಕಿಯಿಂದ ದಿನವೂ ಕಾಣುವ, ಆದರೆ ಯಾರೂ ನಿಂತು ನೋಡದ ಗಿಡ ಅದು.

ಪಾಠದಲ್ಲಿ ಬರುವ ‘ಅಭಿಸರಣೆ’ ಎಂಬ ಪದದಿಂದ ಅದರ ಅರ್ಥವನ್ನು ಯಾರೂ ಊಹಿಸಲಾರರು. ಕಾವ್ಯ ಓದಿದವರಿಗೆ ಅಭಿಸಾರಿಕೆ ನೆನಪಾದರೆ ಅವರ ತಪ್ಪಲ್ಲ. ಆದರೆ ಅಭಿಸರಣೆ ನಡೆಯದ ಕನ್ನಡದ ಅಡಿಗೆಮನೆಯಿಲ್ಲ. ಮಾವಿನ ಮಿಡಿಯನ್ನು ಭರಣಿಯಲ್ಲಿ ಉಪ್ಪಿನೊಡನೆ ಹಾಕಿಟ್ಟರೆ ಕೆಲವೇ ದಿನಗಳಲ್ಲಿ ನೀರೊಡೆಯುತ್ತದೆ, ಮಿಡಿ ಸುಕ್ಕುಗಟ್ಟುತ್ತದೆ. ಯಾರೂ ನೀರು ಹಾಕಿಲ್ಲ. ಉಪ್ಪು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಪೊರೆಯ ಮೂಲಕ ನೀರು ಸರಿದಿದೆ. ತಿವರದ ಬೇರು ನಿಂತಿರುವುದು ಇಂಥದೇ ಭರಣಿಯಲ್ಲಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಹಾಗಿದ್ದರೆ ಆ ಗಿಡ ಉಪ್ಪಿನಕಾಯಿಯಾಗುವುದಿಲ್ಲವೇಕೆ? ಬೇರಿನ ಪೊರೆಗಳು ಲವಣದ ಬಹುಪಾಲನ್ನು ಹೊರಗೇ ತಡೆಯುತ್ತವೆ. ಒಳಬಂದದ್ದರಲ್ಲಿ ಒಂದು ಪಾಲು ಎಲೆಯ ಲವಣಗ್ರಂಥಿಗಳಿಂದ ಹೊರಬಿದ್ದು ಎಲೆಯ ಮೇಲೆ ಹರಳುಗಟ್ಟುತ್ತದೆ. ಇನ್ನೊಂದು ಪಾಲು ರಸದಾನಿಯಲ್ಲಿ ಸಂಗ್ರಹವಾಗಿ, ಕೋಶದ ಒಳಗಿನ ರಸವನ್ನು ಹೊರಗಿನ ನೀರಿಗಿಂತ ಸಾಂದ್ರವಾಗಿ ಇರಿಸುತ್ತದೆ. ಆದ್ದರಿಂದ ನೀರು ಒಳಗೇ ಸರಿಯುತ್ತದೆ. ಬದಿಗೆ ಸರಿದ ಕೋಶಕೇಂದ್ರ, ನಡುವಿನ ರಸದಾನಿ, ಪೊರೆ, ಅಭಿಸರಣೆ ಎಂದು ಬೇರೆ ಬೇರೆ ಪಾಠಗಳಲ್ಲಿ ಓದಿದ ನಾಲ್ಕೂ ಈ ಎಲೆಯಲ್ಲಿ ಒಂದೇ ಪ್ರಶ್ನೆಯ ಉತ್ತರವಾಗಿ ಕೂಡುತ್ತವೆ.

‘ದ್ಯುತಿಸಂಶ್ಲೇಷಣೆ’ಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಮಿಳು ಅದನ್ನು ‘ಒಳಿಚ್ಚೇರ್ಕ್ಕೈ’ ಎಂದು, ಬೆಳಕಿನ ಸೇರಿಕೆ ಎಂಬಂತೆ, ತನ್ನ ಮಾತಿನಲ್ಲೇ ಹೇಳಿಬಿಟ್ಟಿದೆ. ಕನ್ನಡದ ಪದ ನಾಲಿಗೆಗೆ ಭಾರ, ಅರ್ಥಕ್ಕೆ ದೋಷವಿಲ್ಲ. ದೋಷವಿರುವುದು ‘ಉಸಿರಾಟ’ದಲ್ಲಿ. ಉಸಿರಾಟವೆಂದರೆ ಎದೆಯ ಏರಿಳಿತ. ಕೋಶವು ಆಹಾರವನ್ನು ಆಮ್ಲಜನಕದೊಡನೆ ವಿಭಜಿಸಿ ಶಕ್ತಿ ಪಡೆಯುವ ಕ್ರಿಯೆಗೂ ಇದೇ ಹೆಸರನ್ನು ಕೊಟ್ಟದ್ದರಿಂದ, ಗಿಡಗಳು ಹಗಲು ಆಹಾರ ತಯಾರಿಸುತ್ತವೆ, ರಾತ್ರಿ ಉಸಿರಾಡುತ್ತವೆ ಎಂಬ ತಪ್ಪು ತಿಳುವಳಿಕೆ ಹೋಗುವುದೇ ಇಲ್ಲ. ಪ್ರತಿಯೊಂದು ಜೀವಂತ ಕೋಶವೂ ಹಗಲಿರುಳೂ ಉಸಿರಾಡುತ್ತದೆ, ಬೆಳಕು ಕಾಣದ ಬೇರಿನ ಕೋಶವೂ ಕೂಡ. ಖಾರಿಯ ಕೆಸರಿನಲ್ಲಿ ಗಾಳಿಯಿಲ್ಲ. ಆದುದರಿಂದ ತಿವರದ ಸುತ್ತ ನೂರಾರು ಕಡ್ಡಿಗಳು ಪೆನ್ಸಿಲು ನೆಟ್ಟಂತೆ ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಇವು ಉಸಿರುಬೇರುಗಳು. ಇಳಿತದ ವೇಳೆ ಅವುಗಳ ರಂಧ್ರಗಳಿಂದ ಹೊಕ್ಕ ಗಾಳಿ ಕೆಳಗಿನ ಬೇರನ್ನು ತಲಪುತ್ತದೆ. ಅವುಗಳನ್ನು ಕಟ್ಟಡದ ಕಸದಿಂದ ಮುಚ್ಚಿದರೆ ಮರವನ್ನು ಕಡಿಯಬೇಕಾಗಿಲ್ಲ.

ಇನ್ನು ಈ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾದ ತೊಡಕು ಪಾರಿಭಾಷಿಕ ಪದದಲ್ಲಿಲ್ಲ, ವ್ಯಾಕರಣದಲ್ಲಿದೆ. ‘ತಿವರವು ಉಪ್ಪುನೀರಿಗೆ ಹೊಂದಿಕೊಂಡಿತು’ ಎಂಬ ವಾಕ್ಯವನ್ನು ಗಮನಿಸಬಹುದು. ಪಠ್ಯಗಳಲ್ಲಿ ಇಂಥ ವಾಕ್ಯ ಹೇರಳ. ಕನ್ನಡದ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಆತ್ಮಾರ್ಥವನ್ನು ಸೂಚಿಸುತ್ತದೆ: ಮಾಡಿಕೊಂಡನು, ಬರೆದುಕೊಂಡಳು, ಹಣವನ್ನು ಬಚ್ಚಿಟ್ಟುಕೊಂಡರು. ಕರ್ತೃವು ತನ್ನ ಪ್ರಯೋಜನಕ್ಕಾಗಿ, ತಿಳಿದು, ಮಾಡಿದ ಕೆಲಸ ಅದು. ಹಾಗಾಗಿ ವಿದ್ಯಾರ್ಥಿ ವಾಕ್ಯವನ್ನು ಓದಿದೊಡನೆ, ಗಿಡ ಕಷ್ಟಪಟ್ಟು ಉಪ್ಪನ್ನು ಸಹಿಸುವುದನ್ನು ಕಲಿತು ತನ್ನ ಮಕ್ಕಳಿಗೆ ಕಲಿಸಿತು ಎಂದು ತಿಳಿಯುತ್ತಾನೆ. ಲಮಾರ್ಕ್ 1809ರಲ್ಲಿ ಮಂಡಿಸಿದ ವಾದಕ್ಕೆ ಇದು ಬಹಳ ಹತ್ತಿರ. 1859ರಲ್ಲಿ ಡಾರ್ವಿನ್ ಹೇಳಿದ್ದು ಬೇರೆ. ಒಂದೇ ಜಾತಿಯ ಗಿಡಗಳಲ್ಲಿ ಅಷ್ಟಿಷ್ಟು ವ್ಯತ್ಯಾಸಗಳು ಇದ್ದೇ ಇರುತ್ತವೆ. ಉಪ್ಪನ್ನು ತಡೆಯಲಾರದವು ಬೀಜ ಬಿಡುವ ಮುನ್ನವೇ ಸತ್ತವು. ಉಳಿದವುಗಳ ಬೀಜ ಉಳಿಯಿತು. ಯಾವ ಒಂದು ಗಿಡವೂ ಏನನ್ನೂ ‘ಮಾಡಿಕೊಂಡಿಲ್ಲ’.

ಹಾಗೆಂದು ಕನ್ನಡದಲ್ಲಿ ಡಾರ್ವಿನ್ನನಿಗೆ ಜಾಗವಿಲ್ಲವೆಂದಲ್ಲ. ಅದೇ ‘ಕೊಳ್ಳು’ವಿಗೆ ಇನ್ನೊಂದು ಬಳಕೆಯೂ ಇದೆ: ಬೆಂಕಿ ಹೊತ್ತಿಕೊಂಡಿತು, ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಇಲ್ಲಿ ಇಚ್ಛೆಯಿಲ್ಲ, ಮಾಡುವವರಿಲ್ಲದೆ ಆದ ಕ್ರಿಯೆ. ‘ಹೊಂದಿಕೊಂಡಿತು’ ಎಂಬುದನ್ನು ಹಣ ಬಚ್ಚಿಟ್ಟುಕೊಂಡಂತೆ ಓದಬಾರದು, ಬಾಗಿಲು ಮುಚ್ಚಿಕೊಂಡಂತೆ ಓದಬೇಕು. ಕನ್ನಡ ವ್ಯಾಕರಣದ ಅಧ್ಯಾಪಕನೊಬ್ಬ ಐದು ನಿಮಿಷದಲ್ಲಿ ಮಾಡಬಹುದಾದ ಈ ಉಪಕಾರವನ್ನು ವಿಜ್ಞಾನದ ಅಧ್ಯಾಪಕ ಒಂದು ವರ್ಷದಲ್ಲೂ ಮಾಡಲಾರ. ‘ನೈಸರ್ಗಿಕ ಆಯ್ಕೆ’ಗೂ ಇದೇ ಮಾತು ಸಲ್ಲುತ್ತದೆ. ಆಯ್ಕೆ ಎಂದರೆ ಆರಿಸುವವರು ಬೇಕೆನಿಸುತ್ತದೆ. ಇಂಗ್ಲಿಷಿನ ಪದಕ್ಕೂ ಈ ದೋಷವಿದೆಯೆಂದು ವಾಲೆಸ್ 1866ರಲ್ಲಿಯೇ ಡಾರ್ವಿನ್ನನಿಗೆ ಪತ್ರ ಬರೆದು ಬೇರೆ ಮಾತನ್ನು ಸೂಚಿಸಿದ್ದುಂಟು. ಮೊರದಲ್ಲಿ ಅಕ್ಕಿ ಆರಿಸುವ ಕೈಗಿಂತ ಜರಡಿಯ ಹೋಲಿಕೆ ಇಲ್ಲಿ ಹೆಚ್ಚು ಸರಿ: ಜರಡಿಗೆ ಕಣ್ಣಿಲ್ಲ, ಆದರೂ ಕೆಲವು ಉಳಿಯುತ್ತವೆ, ಕೆಲವು ಉದುರುತ್ತವೆ.

ಏಣಿಯ ತುದಿಗೆ ಬಂದರೆ ‘ಪರಿಸರ ವ್ಯವಸ್ಥೆ’. 1935ರಲ್ಲಿ ಈ ಪರಿಕಲ್ಪನೆಯನ್ನು ಮುಂದಿಟ್ಟ ಟಾನ್ಸ್‌ಲೆಯ ಒತ್ತು, ಜೀವಿಗಳನ್ನೂ ಮಣ್ಣು, ನೀರು, ಗಾಳಿಗಳನ್ನೂ ಬೇರ್ಪಡಿಸದೆ ಒಂದೇ ವ್ಯವಸ್ಥೆಯಾಗಿ ಕಾಣಬೇಕೆಂಬುದರ ಮೇಲಿತ್ತು. ಪರಿಸರವೆಂದರೆ ಸುತ್ತಲಿನದು, ಸುತ್ತಲಿನದು ಎಂದೊಡನೆ ನಡುವೆ ಒಬ್ಬ ನಿಂತಿರುತ್ತಾನೆ, ಅವನು ಮನುಷ್ಯ. ಪದವನ್ನು ಈಗ ಬದಲಿಸುವುದು ವ್ಯರ್ಥ. ಆದರೆ ಅದರೊಳಗೆ ನಿಂತ ಈ ಮನುಷ್ಯನನ್ನು ಪಾಠದಲ್ಲಿ ತೋರಿಸದೆ ಬಿಡುವುದು ಸರಿಯಲ್ಲ.

ಇದಕ್ಕಿಂತ ಹಾನಿಕರವಾದುದು ಆಹಾರ ಸರಪಳಿಯ ಚಿತ್ರ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು; ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ವಿಘಟಕಗಳು. ವಿಘಟನೆಯೆಂದರೆ ಪತ್ರಿಕೆಗಳಲ್ಲಿ ಒಕ್ಕೂಟ ಒಡೆಯುವುದು, ಪಕ್ಷ ಚೂರಾಗುವುದು. ಆಡುಮಾತಿನ ‘ಕೊಳೆ’ಯಂತೂ ಎರಡನ್ನೂ ಒಂದೇ ಮಾಡಿದೆ: ಕೊಳೆಯುವುದೂ ಕೊಳೆ, ಹೊಲಸೂ ಕೊಳೆ. ತಿವರದ ಕಾಡಿನಲ್ಲಿ ಸರಪಳಿ ಶುರುವಾಗುವುದೇ ಈ ಕೊಳೆಯಿಂದ. ಹಸಿರೆಲೆಯನ್ನು ತಿನ್ನುವ ಪ್ರಾಣಿಗಳು ಅಲ್ಲಿ ಕಡಿಮೆ. ಎಲೆಯ ಬಹುಭಾಗ ಉದುರಿ ಕೆಸರು ಸೇರುತ್ತದೆ. ಏಡಿಗಳು ಅದನ್ನು ಚೂರು ಮಾಡುತ್ತವೆ, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಅದರ ಮೇಲೆ ಬೆಳೆಯುತ್ತವೆ. ಆ ಕೊಳೆತ ಚೂರನ್ನು ಸಿಗಡಿಮರಿ, ಮೀನುಮರಿಗಳು ತಿನ್ನುತ್ತವೆ. 1960ರ ದಶಕದ ಕೊನೆಯಲ್ಲಿ ಹೀಲ್ಡ್ ಮತ್ತು ಓಡಮ್ ಫ್ಲಾರಿಡಾದ ಕಾಂಡ್ಲವನಗಳಲ್ಲಿ ಈ ಸರಪಳಿಯನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದರು. ಮುಂಬಯಿಯ ಕೋಳಿ ಜನರಿಗೂ ಅಲ್ಲಿ ನೆಲೆಸಿದ ಕನ್ನಡ ಕರಾವಳಿಯ ಮೊಗವೀರರಿಗೂ ಕಾಂಡ್ಲ ಹೋದ ಕಡೆ ಸಿಗಡಿ ಸಿಗದೆಂಬುದನ್ನು ತಿಳಿಯಲು ಫ್ಲಾರಿಡಾದವರೆಗೆ ಹೋಗಬೇಕಾಗಿಲ್ಲ. ಪುಸ್ತಕದ ಚಿತ್ರವನ್ನಷ್ಟೇ ಕಂಡವರಿಗೆ ಮಾತ್ರ ಆ ಕೆಸರು ಮಣ್ಣು ಸುರಿದು ಸೈಟು ಮಾಡಬಹುದಾದ ಪಾಳು ನೆಲ. ಮುಂಬಯಿ ಉಚ್ಚ ನ್ಯಾಯಾಲಯ ಮಹಾರಾಷ್ಟ್ರದಾದ್ಯಂತ ಕಾಂಡ್ಲವನದ ನಾಶವನ್ನೂ ಅದರ ಸುತ್ತ 50 ಮೀಟರ್ ಒಳಗಿನ ಕಟ್ಟಡ ಕಾಮಗಾರಿಯನ್ನೂ ತಡೆದದ್ದು 2005ರ ಅಕ್ಟೋಬರಿನಲ್ಲಿ. 2012ರಲ್ಲಿ ರಾಜ್ಯದ ಅರಣ್ಯ ಇಲಾಖೆ ಇದಕ್ಕೆಂದೇ ‘ಮ್ಯಾಂಗ್ರೋವ್ ಸೆಲ್’ ತೆರೆಯಿತು. ಹುಕ್‌ನ ಕೋಣೆ ಹೀಗೆ ಕಚೇರಿಯ ಕೋಣೆಯಾಗಿಯೂ ಬಂತು.

ಠಾಣೆ ಖಾರಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಕಾವ್ಯದ ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆಂಬುದು ಕವಿಸಮಯ. ಖಾರಿಯ ರಾಜಹಂಸವಾದರೋ ಕೊಕ್ಕನ್ನು ತಲೆಕೆಳಗಾಗಿ ಅದ್ದಿ ಕೆಸರುನೀರಿನಿಂದ ಸೂಕ್ಷ್ಮ ಪಾಚಿಯನ್ನು ನಿಜವಾಗಿಯೂ ಸೋಸುತ್ತದೆ. ಅದರ ಸರಪಳಿಗೆ ಎರಡೇ ಕೊಂಡಿ: ಪಾಚಿ, ಹಕ್ಕಿ. ಪಕ್ಕದ ಬೆಳ್ಳಕ್ಕಿಗೆ ತಿವರದ ಎಲೆಯಿಂದ ಏಡಿ, ಬ್ಯಾಕ್ಟೀರಿಯಾ, ಸಿಗಡಿ, ಮೀನುಗಳನ್ನು ದಾಟಿ ಆಹಾರ ಬರಬೇಕು. 1942ರಲ್ಲಿ ಲಿಂಡೆಮನ್ ಆರಂಭಿಸಿದ ಲೆಕ್ಕಾಚಾರದಿಂದ ಬಂದ ಅಂದಾಜಿನಂತೆ ಒಂದೊಂದು ಕೊಂಡಿಯಲ್ಲೂ ಮುಂದಕ್ಕೆ ಹೋಗುವುದು ಸುಮಾರು ಹತ್ತನೆಯ ಒಂದು ಪಾಲು ಶಕ್ತಿ. ರಾಜಹಂಸಗಳು ಸಾವಿರಗಟ್ಟಲೆ ಸೇರುವ ಆ ಕೆಸರಿನಲ್ಲಿ ಬೆಳ್ಳಕ್ಕಿಗಳು ಅಲ್ಲೊಂದು ಇಲ್ಲೊಂದು ನಿಂತಿರುವುದಕ್ಕೆ ಇದೂ ಒಂದು ಕಾರಣ.