ತೊಟ್ಟಿಲ ಮೂಲೆಯ ಲೆಕ್ಕ

ಹುಟ್ಟಿದ ಮಗುವಿಗೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣಿನಾಚೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಎದೆಗೆ ಅವಚಿಕೊಂಡ ಅಮ್ಮನ ಮುಖ ಎಷ್ಟು ದೂರವೋ ಅಷ್ಟೇ ಅದರ ಲೋಕ. ಬಣ್ಣಗಳೂ ಮೊದಮೊದಲು ಸರಿಯಾಗಿ ತಿಳಿಯವು. ಕಪ್ಪು ಬಿಳುಪಿನ ಹಾಗೆ ಎದ್ದು ಕಾಣುವಂಥದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ಬಣ್ಣ ಗುರುತಿಸುವ ಶಕ್ತಿ ಚೆನ್ನಾಗಿ ಕೂಡಿಬರಲು ನಾಲ್ಕೈದು ತಿಂಗಳು ಬೇಕು. ಮಗುವಿನ ಕೋಣೆ ಸಿಂಗರಿಸಲು ಹೊರಟವರು ದುಡ್ಡು ತೆಗೆಯುವ ಮೊದಲು ಇಷ್ಟು ತಿಳಿದಿದ್ದರೆ ಅರ್ಧ ಖರ್ಚು ತಾನಾಗಿ ಇಳಿಯುತ್ತದೆ. ಗೋಡೆಯ ಕಾಡು, ಚಾವಣಿಯ ಮೋಡ, ಮೂಲೆಯಲ್ಲಿ ನಿಂತ ಜಿರಾಫೆ ಎಲ್ಲವೂ ಅಪ್ಪ ಅಮ್ಮನಿಗಾಗಿ, ನೋಡಲು ಬರುವವರಿಗಾಗಿ.

ಅಪ್ಪ ಅಮ್ಮನ ಸಂತೋಷ ಸಣ್ಣದು ಅಂತಲ್ಲ. ಮೊದಲ ಮಗುವಿಗೆ ಕಾಯುವಾಗ ನನಗೂ ಒಂದು ಚಂದದ ಮೂಲೆ ಬೇಕೆನಿಸಿತ್ತು. ಸಾಗರದ ಕಡೆ ಮರಗಿಡಗಳ ನಡುವೆ ಬೆಳೆದವಳು ನಾನು. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹುಟ್ಟಿ ಬೆಳೆಯುವ ಕೂಸಿಗೆ ಮಣ್ಣಿನ ಬಣ್ಣ, ಮರದ ನುಣುಪು, ಎಲೆಯ ನೆರಳು ಒಂದಿಷ್ಟಾದರೂ ಸಿಗಲಿ ಎನ್ನುವ ಆಸೆ. ಒಳಾಂಗಣ ವಿನ್ಯಾಸ ಮಾಡುವವರನ್ನು ಕರೆಸಿದೆವು. ಕಾಡಿನ ಚಿತ್ರದ ವಾಲ್‌ಪೇಪರು, ಅದಕ್ಕೊಪ್ಪುವ ಮಂಚ, ಬಟ್ಟೆ ಬದಲಿಸುವ ಮೇಜು, ದಿಂಬಿನ ಸೆಟ್ಟು, ತೂಗುದೀಪ ಎಲ್ಲ ಸೇರಿ 1,60,000 ರೂಪಾಯಿಯ ಎಸ್ಟಿಮೇಟು ಬಂತು. ‘ಇಪ್ಪತ್ನಾಲ್ಕು ತಿಂಗಳ ಇಎಂಐ ಇದೆ ಮೇಡಂ, ಬಡ್ಡಿ ಇಲ್ಲ’ ಎಂದರು.

ಬಡ್ಡಿಯಿಲ್ಲದ ಸಾಲ ಎಂಬುದೊಂದು ಇಲ್ಲ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ತಿಳಿಹೇಳಿದೆ. ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ, ಮೇಲಿಂದ ಪ್ರೊಸೆಸಿಂಗ್ ಶುಲ್ಕ ಬೇರೆ. ಬಡ್ಡಿ ಅಲ್ಲೇ ಎಲ್ಲೋ ಅಡಗಿ ಕೂತಿರುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಮಗು ಹುಟ್ಟಿದ ಮೇಲಿನ ಎರಡು ವರ್ಷ ಯಾವ ಮನೆಗೂ ಸಾಲದ ಕಂತು ಹೊರುವ ಕಾಲವಲ್ಲ. ಒಬ್ಬರ ಸಂಬಳ ನಿಲ್ಲಬಹುದು, ರಜೆ ಮುಗಿದ ಮೇಲೂ ಕೆಲಸಕ್ಕೆ ಮರಳಲಾಗದಿರಬಹುದು.

ನಾವು ಮೊದಲು ಹೆರಿಗೆಯ ಹಣವನ್ನು ಬೇರೆ ಖಾತೆಗೆ ಹಾಕಿದೆವು. ಸಹಜ ಹೆರಿಗೆಗೆ ಎಷ್ಟು, ಸಿಸೇರಿಯನ್ ಆದರೆ ಎಷ್ಟು ಎಂದು ಆಸ್ಪತ್ರೆಯಲ್ಲಿ ಕೇಳಿ, ದೊಡ್ಡ ಮೊತ್ತವನ್ನೇ ಹಿಡಿದೆವು. ಕೂಸನ್ನು ನಾಲ್ಕು ದಿನ ಐಸಿಯುನಲ್ಲಿ ಇಡಬೇಕಾದರೆ ಎಂದು ಅದರ ಮೇಲೆ ಇನ್ನೊಂದಿಷ್ಟು. ವಿಮೆಯಿದೆ ಎಂದು ನಿಶ್ಚಿಂತರಾಗಿರುವವರು ಪಾಲಿಸಿಯನ್ನು ತೆಗೆದು ಓದಿ. ಸ್ವಂತಕ್ಕೆ ಕೊಂಡ ಪಾಲಿಸಿಗಳಲ್ಲಿ ಹೆರಿಗೆಗೆ ಸಾಮಾನ್ಯವಾಗಿ ವರ್ಷಗಟ್ಟಲೆ ಕಾಯುವ ಅವಧಿ ಇರುತ್ತದೆ. ಕಚೇರಿಯ ಗುಂಪು ವಿಮೆಯಲ್ಲಿ ಹೆರಿಗೆಗೊಂದು ಮಿತಿ ಇರುತ್ತದೆ. ಮಗುವಿಗೆ ಹುಟ್ಟಿದ ದಿನದಿಂದಲೇ ರಕ್ಷಣೆ ಇದೆಯೇ ಎಂಬುದನ್ನಂತೂ ಬರಹದಲ್ಲೇ ಕೇಳಿ ಪಡೆಯಬೇಕು. ಇಷ್ಟೆಲ್ಲ ತೆಗೆದಿಟ್ಟ ಮೇಲೆ ಕೋಣೆಗೆ ಉಳಿದದ್ದು 30,000 ರೂಪಾಯಿ.

‘ಹುಟ್ಟೋಕೆ ಮುಂಚೆ ಏನೂ ತರಬೇಡ ಕಣೆ, ಖಾಲಿ ತೊಟ್ಟಿಲು ತೂಗಬಾರದು’ ಎಂದು ಅಮ್ಮ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಎಷ್ಟೋ ಕೂಸುಗಳು ಉಳಿಯದಿದ್ದ ಕಾಲದ ನೋವು ಆ ಮಾತಿನೊಳಗಿದೆ. ಹಣದ ಕಣ್ಣಿನಿಂದ ನೋಡಿದರೂ ಅದು ಒಳ್ಳೆಯ ನಿಯಮ. ಮಗು ಬರುವ ಮೊದಲು ಕೊಳ್ಳುವುದೆಲ್ಲ ಊಹೆಯ ಖರೀದಿ. ಬಾಣಂತನ ಮುಗಿಸಿ ತವರಿನಿಂದ ಬರುವಾಗ ಏನು ಬೇಕು, ಏನು ಬೇಡ ಎಂಬುದು ತಾಯಿಗೆ ತಿಳಿದಿರುತ್ತದೆ. ಬಟ್ಟೆ ಬದಲಿಸುವ ಮೇಜನ್ನೇ ನೋಡಿ. ನೆಲದ ಮೇಲೆ ಚಾಪೆ ಹಾಸಿ, ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚಿ, ಬಟ್ಟೆ ಕಟ್ಟುವ ನಮ್ಮ ಮನೆಗಳಲ್ಲಿ ಅದು ಮೂರೇ ತಿಂಗಳಲ್ಲಿ ಒಗೆದ ಬಟ್ಟೆ ಪೇರಿಸುವ ಜಾಗವಾಗುತ್ತದೆ. ನೆಲದಿಂದ ಮಗು ಬೀಳುವ ಭಯವೂ ಇಲ್ಲ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ಎಂಬುದು ನಮ್ಮ ಹಳೆಯ ಮನೆಗಳಲ್ಲಿ ಇರಲಿಲ್ಲ. ಬಸುರಿಗೆ ಉಡಿಸುತ್ತಿದ್ದುದು ಹಸಿರು ಸೀರೆ, ತೊಡಿಸುತ್ತಿದ್ದುದು ಹಸಿರು ಬಳೆ. ಗೋಡೆಗೆ ಕೆಮ್ಮಣ್ಣು ಮತ್ತು ಸುಣ್ಣ, ಹೊಸ್ತಿಲಿಗೆ ಅರಿಸಿನ. ಅದೂ ಅಲ್ಲದೆ, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ಹೆಣ್ಣು ಭ್ರೂಣಗಳನ್ನು ಉಳಿಸಲು ಬಂದ ಕಾನೂನದು, ಬರಲೇಬೇಕಿತ್ತು. ಆದ್ದರಿಂದ ಮೊದಲೇ ಸಿದ್ಧವಾಗುವ ಕೋಣೆ ಇಬ್ಬರಿಗೂ ಒಪ್ಪುವ ಬಣ್ಣದಲ್ಲೇ ಇರಬೇಕಾಗುತ್ತದೆ. ಇದರಿಂದಾಗುವ ನಿಜವಾದ ಲಾಭ ಎರಡನೇ ಮಗುವಿನ ಹೊತ್ತಿಗೆ ತಿಳಿಯುತ್ತದೆ. ನಮಗೆ ಮೊದಲು ಮಗಳು, ಆಮೇಲೆ ಮಗ. ಒಂದು ಪರದೆಯನ್ನೂ ಬದಲಿಸಲಿಲ್ಲ, ಒಂದು ಹೊದಿಕೆಯನ್ನೂ ಪಕ್ಕಕ್ಕಿಡಲಿಲ್ಲ. ಮಗನ ಪಾಲಿಗೆ ಕೋಣೆಗೆಂದು ಆದ ಖರ್ಚು ಮೂರು ಸಾವಿರದ ಒಳಗೆ: ಹೊಸ ಹಾಸಿಗೆ, ತೊಟ್ಟಿಲಿಗೆ ಹೊಸ ಹಗ್ಗ, ಒಂದೆರಡು ಆಟಿಕೆ.

ಬಾಡಿಗೆ ಮನೆಯ ಗೋಡೆಗೆ ಬಣ್ಣ ಬಳಿಯಬಹುದೇ? ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಬಹುಪಾಲು ಕರಾರುಗಳಲ್ಲಿ ಬರೆದೇ ಇರುತ್ತದೆ. ಹೇಗೂ ಕೊಡುವ ದುಡ್ಡು ಅದು. ಮಾಲೀಕರಿಗೆ ಇದನ್ನೇ ಹೇಳಿ, ಒಂದು ಗೋಡೆಗೆ ಮಾತ್ರ ಬಣ್ಣ ಹಚ್ಚಲು ವಾಟ್ಸ್‌ಆ್ಯಪ್‌ನಲ್ಲಿ ಒಪ್ಪಿಗೆ ಪಡೆದೆವು. ನೂರು ಚದರಡಿಯ ಗೋಡೆಗೆ ಎರಡು ಕೋಟು ಹೊಡೆಯಲು ಎರಡು ಲೀಟರು ಸಾಕಾಯಿತು. ಪೇಂಟರ ಒಂದು ದಿನದ ಕೂಲಿಯೂ ಸೇರಿ 2,600. ಕೆಮ್ಮಣ್ಣಿಗೆ ಹತ್ತಿರದ ಬಣ್ಣ ಆರಿಸಿ, ನೀರು ಬೆರೆಸುವ, ವಾಸನೆ ಕಡಿಮೆ ಇರುವ ಪೇಂಟು ತಂದೆವು. ನಾನು ತವರಲ್ಲಿದ್ದಾಗಲೇ ಬಳಿಸಿ, ವಾರಗಟ್ಟಲೆ ಕಿಟಕಿ ತೆರೆದಿಟ್ಟರು ನನ್ನವರು. ಮನೆ ಪೇಂಟುಗಳಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಆ ಮಾತು ಇದೆಯೇ ಎಂದು ಓದಿ ಕೊಳ್ಳಿ, ಬಿಡಿಯಾಗಿ ಅಳೆದುಕೊಡುವ ಹೆಸರಿಲ್ಲದ ಬಣ್ಣ ಬೇಡ.

ಆ ಗೋಡೆಯ ಮೇಲೆ ಮುದ್ರಿತ ಕಾಡಿನ ಬದಲು ಹಸೆ ಚಿತ್ತಾರ ಬಂತು. ನಮ್ಮ ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳು ಮದುವೆಗೆ, ಹಬ್ಬಕ್ಕೆ ಬರೆಯುವ ಚಿತ್ತಾರ. ಕೆಮ್ಮಣ್ಣಿನ ನೆಲೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಕೋಣೆಯೊಂದು ಪ್ರಕೃತಿಗೆ ಹತ್ತಿರವಾಗಬೇಕಾದರೆ ಎಲೆಯ ಚಿತ್ರಕ್ಕಿಂತ ಹೀಗೆ ಮಣ್ಣು, ಕಾಳು, ನಾರಿನಿಂದಲೇ ಆದದ್ದು ನಿಜಕ್ಕೆ ಹತ್ತಿರ ಎಂದು ನಾನು ನಂಬುತ್ತೇನೆ. ಬಿಳಿ ಕಪ್ಪು ಗೆರೆಗಳ ಈ ಚಿತ್ತಾರವನ್ನು ಮಗಳು ಎರಡನೇ ತಿಂಗಳಿಗೇ ನನ್ನ ಹೆಗಲ ಮೇಲಿಂದ ಹತ್ತಿರದಲ್ಲಿ ನೋಡುತ್ತ ಸುಮ್ಮನಾಗುತ್ತಿದ್ದಳು. ಬರೆದವರಿಗೆ ಅವರು ಹೇಳಿದ 2,800 ರೂಪಾಯಿಯನ್ನೇ ಕೊಟ್ಟೆವು. ಬಜೆಟ್ ಕಡಿಮೆ ಎಂದು ಕೈಕೆಲಸದವರ ಕೂಲಿಯಲ್ಲಿ ಚೌಕಾಸಿ ಮಾಡುವುದು ಉಳಿತಾಯವಲ್ಲ, ನಮ್ಮ ಖರ್ಚನ್ನು ಅವರ ತಲೆಗೆ ಕಟ್ಟಿದಂತೆ. ಗೋಡೆಗೇ ಬರೆಸದೆ ಹಲಗೆಯ ಮೇಲೆ ಬರೆಸಿದ್ದರಿಂದ ಮನೆ ಬದಲಿಸಿದಾಗ ಅದೂ ನಮ್ಮೊಂದಿಗೆ ಬಂತು.

ತೊಟ್ಟಿಲು ಕೊಳ್ಳಲಿಲ್ಲ. ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ಹಲಸಿನ ಮರದ್ದೊಂದು ಇತ್ತು. ನನ್ನ ಚಿಕ್ಕಮ್ಮನ ಮಕ್ಕಳೆಲ್ಲ ಅದರಲ್ಲೇ ಮಲಗಿದವರು. ನಮ್ಮಲ್ಲಿ ತೊಟ್ಟಿಲು ಹೀಗೆಯೇ ಮನೆಯಿಂದ ಮನೆಗೆ ಓಡಾಡುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ಒಂದೊಂದು ಮನೆತನದಲ್ಲಿ ತಲೆಮಾರುಗಟ್ಟಲೆ ಬಾಳುವುದನ್ನು ಆ ಕಡೆಯವರು ಬಲ್ಲರು. ಹಳೆಯದನ್ನು ತರುವಾಗ ಮೂರು ಸಂಗತಿ ನೋಡಿಕೊಳ್ಳಬೇಕು. ಕಂಬಿಗಳ ಸಂದಿ ಆರು ಸೆಂಟಿಮೀಟರು ಮೀರಬಾರದು, ಮೀರಿದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಳೆಯ ಎಣ್ಣೆ ಬಣ್ಣ ಇದ್ದರೆ ಮನೆಯೊಳಗೆ ಉಜ್ಜಿ ಕೆರೆಯಬಾರದು, ಆ ಧೂಳಿನಲ್ಲಿ ಸೀಸ ಇರಬಹುದು. ಹಗ್ಗ, ಕೊಂಡಿಗಳನ್ನಂತೂ ಬದಲಿಸಲೇಬೇಕು. ನಮ್ಮದಕ್ಕೆ ಬಣ್ಣವಿರಲಿಲ್ಲ. ಬಡಗಿ ಸಡಿಲವಾದ ಪಟ್ಟಿಗಳನ್ನು ಬಿಗಿದು, ಒಂದು ಕಂಬಿ ಹೊಸದಾಗಿ ಸೇರಿಸಿದ್ದಕ್ಕೆ 1,400. ತೂಗುಹಾಕಲು ಜಂತೆ ಇಲ್ಲದ ಮನೆಯಾದ್ದರಿಂದ ಕಬ್ಬಿಣದ ಸ್ಟ್ಯಾಂಡಿಗೆ ಎರಡು ಸಾವಿರ.

ಹಾಸಿಗೆಗೆ ದುಡ್ಡು ಹಿಡಿಯಲಿಲ್ಲ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಇರಲಿ, ಮಗು ಅಂಗಾತ ಮಲಗಲಿ, ಒಂದು ವರ್ಷದವರೆಗೆ ಪಕ್ಕದಲ್ಲಿ ದಿಂಬು, ದಪ್ಪ ಹೊದಿಕೆ, ಗೊಂಬೆ ಏನೂ ಬೇಡ ಎಂಬುದು ಮಕ್ಕಳ ವೈದ್ಯರ ಮಾತು. ಉಸಿರು ಕಟ್ಟದಿರಲಿ ಎಂಬುದಕ್ಕೆ ಈ ಎಚ್ಚರ. ಸಾಸಿವೆ ದಿಂಬಿಗೂ ಇದು ಅನ್ವಯಿಸುತ್ತದೆ. ಅಂಗಡಿಯಲ್ಲಿ ನಾಲ್ಕೈದು ಸಾವಿರಕ್ಕೆ ಮಾರುವ, ತೊಟ್ಟಿಲ ಸುತ್ತ ಜೋಡಿಸುವ ಮೆತ್ತನೆಯ ದಿಂಬಿನ ಸೆಟ್ಟು ಹೀಗೆ ಪಟ್ಟಿಯಿಂದಲೇ ಹೊರಬಿತ್ತು. ಅತ್ತೆಯ ಹಳೆ ಸೀರೆಗಳಿಂದ ಹೊಲಿಸಿದ ಕೌದಿಯನ್ನು ತೊಟ್ಟಿಲಿಗೆ ಹಾಸದೆ ನೆಲಕ್ಕೆ ಹಾಸಿದೆವು. ಮಕ್ಕಳಿಬ್ಬರೂ ಬೋರಲು ಬಿದ್ದದ್ದು, ತೆವಳಿದ್ದು ಅದರ ಮೇಲೆಯೇ.

ಕೋಣೆಯ ಅತಿ ದೊಡ್ಡ ಖರ್ಚು ಒಂದು ಕುರ್ಚಿ. ಕೈಯೂರಲು ಅಗಲವಾದ ತೋಳುಗಳಿರುವ ಬೆತ್ತದ ಕುರ್ಚಿಯನ್ನು ಹಳೆಯದೇ ಹುಡುಕಿ, ಹೆಣಿಗೆ ಹೊಸದು ಮಾಡಿಸಿ, ಬೆನ್ನಿಗೆ ಆನಿಕೊಳ್ಳಲು ಮೆತ್ತೆ ಹೊಲಿಸಿ 6,500 ರೂಪಾಯಿ ಕೊಟ್ಟೆವು. ರಾತ್ರಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಎದ್ದು ಹಾಲೂಡುವ ಹೆಣ್ಣಿನ ಸೊಂಟಕ್ಕೆ ಏನು ಬೇಕೆಂದು ಯಾವ ಸಿಂಗಾರದ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿ ಬರೆದಿರುವುದಿಲ್ಲ. ಬರೆದಿರಬೇಕು. ಆ ಕೋಣೆಯಲ್ಲಿ ಕಣ್ಣು ತೆರೆದು ಅತಿ ಹೆಚ್ಚು ಹೊತ್ತು ಕಳೆಯುವವಳು ತಾಯಿ. ಅವಳ ಬೆನ್ನಿಗೆ ಹಾಕಿದ ದುಡ್ಡು ಮಗುವಿಗೇ ಹಾಕಿದ್ದು. ಎರಡೂ ಬಾಣಂತನಗಳನ್ನು ಆ ಕುರ್ಚಿ ಹೊತ್ತಿದೆ.

ಅದರ ನಂತರದ ಒಳ್ಳೆಯ ಖರ್ಚು ಕಿಟಕಿಯ ಸೊಳ್ಳೆ ಜಾಲರಿ, 2,200 ರೂಪಾಯಿ. ಕಿಟಕಿಯಾಚೆ ಒಂದು ಹೊಂಗೆ ಮರವಿತ್ತು. ಜಾಲರಿ ಬಂದ ಮೇಲೆ ಕಿಟಕಿ ತೆರೆದಿಡಲು ಸಾಧ್ಯವಾಯಿತು. ಬೇಸಿಗೆಯ ಮೊದಲಿಗೆ ಹೊಂಗೆ ಚಿಗುರುವಾಗಿನ ಎಳೆ ಹಸಿರು ಬೆಳಕು ಒಳಗೆ ಬರುತ್ತಿತ್ತು. ಅಳಿಲು, ಮೈನಾ, ಮಳೆಯ ಸದ್ದು ಎಲ್ಲ ಬಂತು, ಸೊಳ್ಳೆ ಬರಲಿಲ್ಲ. ಕೋಣೆಯೊಳಗೆ ಕುಂಡ ಇಡುವವರಿಗೊಂದು ಮಾತು: ಮನಿಪ್ಲಾಂಟ್, ಡೈಫೆನ್‌ಬೇಕಿಯಾದಂಥ ಗಿಡಗಳ ಎಲೆ ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಮಗು ತೆವಳಲು ಕಲಿಯುವ ಮುಂಚೆ ಅವನ್ನು ಆಚೆಗಿಡಿ. ನಮ್ಮ ಕಿಟಕಿಯ ಹೊರಗೆ ದೊಡ್ಡಪತ್ರೆ ಮತ್ತು ತುಳಸಿ ಇದ್ದವು, ಎರಡಕ್ಕೂ ದುಡ್ಡು ಕೊಟ್ಟಿರಲಿಲ್ಲ.

ಆಟಿಕೆಗೆ ಚನ್ನಪಟ್ಟಣವಿದೆ. ಆಲೆ ಮರದ ಗಿಲಕಿ, ತಿರುಗುವ ಚಕ್ರದ ಮೇಲೆ ಅರಗಿನ ಬಣ್ಣ, ತಾಳೆಗರಿಯಿಂದ ತಿಕ್ಕಿ ತಂದ ಹೊಳಪು. ಅರಿಸಿನ, ನೀಲಿಯಂಥ ಸಸ್ಯಜನ್ಯ ಬಣ್ಣಗಳಲ್ಲಿ ಮಾಡಿದವನ್ನೇ ಕೇಳಿ ತಂದೆ, ಎಲ್ಲ ಸೇರಿ 1,100. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗಳಿಗೂ, ಚನ್ನಪಟ್ಟಣದಂತೆ ಭೌಗೋಳಿಕ ಸೂಚ್ಯಂಕ ಪಡೆದ ಆಟಿಕೆಗಳ ನೋಂದಾಯಿತ ತಯಾರಕರಿಗೂ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಮರದ ಆಟಿಕೆಯಲ್ಲಿ ಗುರುತು ಕಾಣದಿದ್ದರೆ ಯಾರು ಮಾಡಿದ್ದು, ಯಾವ ಬಣ್ಣ ಎಂದು ಕೇಳಿ. ಸಣ್ಣ ಬಿಡಿಭಾಗ ಕಿತ್ತುಬರುವಂತಿದ್ದರೆ ಬೇಡ.

ಬಟ್ಟೆಗಳಿಗೆ ಹೊಸ ಕಪಾಟು ಬೇಕಾಗಲಿಲ್ಲ. ಬೀರುವಿನ ಎರಡು ಅರೆ ಖಾಲಿ ಮಾಡಿ, ಮೇದಾರರು ಹೆಣೆದ ಬಿದಿರ ಬುಟ್ಟಿಗಳನ್ನಿಟ್ಟೆವು. ಪರದೆ ಕೈಮಗ್ಗದ ಹತ್ತಿಯದು. ಇವೆಲ್ಲ ಕೂಡಿ ಲೆಕ್ಕ 25,300ಕ್ಕೆ ನಿಂತಿತು.

ಕಂತು ಕಟ್ಟಿದ್ದರೆ ತಿಂಗಳಿಗೆ 6,600ರ ಮೇಲೆ ಹೋಗುತ್ತಿತ್ತು. ಅದರಲ್ಲಿ ಐದು ಸಾವಿರವನ್ನು ಎರಡು ವರ್ಷ ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಹಾಕಿದೆವು. ಇವತ್ತು ಯಾರಾದರೂ ಹೀಗೆಯೇ ಮಾಡಿದರೆ, ಈಗಿನ ಶೇ 8.2ರ ಬಡ್ಡಿಯೇ ಉಳಿದರೆ, ಆ 1,20,000 ರೂಪಾಯಿ 21 ವರ್ಷ ತುಂಬುವಾಗ ಐದೂವರೆ ಲಕ್ಷ ದಾಟುತ್ತದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಹೆಚ್ಚು ಕಡಿಮೆ ಆಗಬಹುದು. ಮುಂದಿನ ವರ್ಷಗಳಲ್ಲಿ ಖಾತೆ ಜೀವಂತವಾಗಿರಲು ವರ್ಷಕ್ಕೆ 250 ರೂಪಾಯಿಯಾದರೂ ಹಾಕುತ್ತಿರಬೇಕು. ಮಗನಿಗೆ ಆ ಯೋಜನೆ ಇಲ್ಲ, ಅವನ ಹೆಸರಲ್ಲಿ ಪಿಪಿಎಫ್ ತೆರೆದೆವು. ಬಡ್ಡಿ ಶೇ 7.1. ಅಪ್ಪ ಅಥವಾ ಅಮ್ಮನ ಸ್ವಂತ ಪಿಪಿಎಫ್ ಮತ್ತು ಅವರು ಮಗುವಿನ ಹೆಸರಲ್ಲಿ ನಡೆಸುವ ಖಾತೆ ಎರಡೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದೆ. ಸುಕನ್ಯಾ, ಪಿಪಿಎಫ್ ಎರಡೂ ಖಾತೆಗಳಿಗೆ ತಿಂಗಳ ಐದನೇ ತಾರೀಕಿನೊಳಗೆ ಹಣ ಹಾಕಿದರೆ ಆ ತಿಂಗಳ ಬಡ್ಡಿ ಸಿಗುತ್ತದೆ.

ಈಗ ಮಗನೂ ತೊಟ್ಟಿಲು ಬಿಟ್ಟಿದ್ದಾನೆ. ಮುಂದಿನ ತಿಂಗಳು ಅದು ಹುಬ್ಬಳ್ಳಿಯಲ್ಲಿರುವ ಚಿಕ್ಕಪ್ಪನ ಮಗಳ ಮನೆಗೆ ಹೋಗುತ್ತದೆ, ಸ್ಟ್ಯಾಂಡು, ಪರದೆ, ಬಿದಿರ ಬುಟ್ಟಿಗಳ ಸಮೇತ. ಕುರ್ಚಿಯನ್ನೂ ಕೊಟ್ಟುಕಳಿಸು ಅಕ್ಕಾ ಎಂದಿದ್ದಾಳೆ, ಕಳಿಸುತ್ತಿದ್ದೇನೆ. ಹಗ್ಗ ಮಾತ್ರ ಬಿಚ್ಚಿಟ್ಟುಕೊಂಡು, ಹೊಸದನ್ನು ಅಲ್ಲೇ ಕೊಳ್ಳುವಂತೆ ಹೇಳಿದ್ದೇನೆ.