ನೆರೆಮನೆಯ ನಾಯಿ ಸಾಕುಮೇಕೆಯನ್ನು ಕಚ್ಚಿದಾಗ

ಮನೆ ಕಾಯಲು, ಹೊಲ ಕಾಯಲು ನಾಯಿ ಸಾಕುವುದು ಹಳ್ಳಿಗಳಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿ. ಕಡಲೆಕಾಯಿ, ಮುಸುಕಿನ ಜೋಳ, ಕಬ್ಬು ಬೆಳೆಯುವಲ್ಲಿ ಕಾಡುಹಂದಿಯ ಕಾಟವಿದ್ದರೆ ನಾಯಿಯಿಲ್ಲದೆ ರಾತ್ರಿಯ ಕಾವಲು ಕಷ್ಟ. ಆದರೆ ಫಸಲು ಕಣಕ್ಕೆ ಬಂದ ಮೇಲೆ ಈ ನಾಯಿಗಳಿಗೆ ಹೊಲದಲ್ಲಿ ಕೆಲಸವಿರುವುದಿಲ್ಲ. ಬಿಚ್ಚಿಬಿಟ್ಟ ನಾಯಿಗಳು ಊರ ಸುತ್ತ ಅಲೆಯುತ್ತವೆ. ಒಂಟಿಯಾಗಿದ್ದಾಗ ಸಾಧುವಾಗಿರುವ ನಾಯಿಯೂ ಎರಡು ಮೂರರ ಗುಂಪಿನಲ್ಲಿ ಸೇರಿದರೆ, ಹೆದರಿ ಓಡುವ ಪ್ರಾಣಿಯನ್ನು ಬೆನ್ನಟ್ಟಿ ಹಿಡಿಯುತ್ತದೆ.

ಇಂಥ ದಾಳಿಗೆ ಸಿಕ್ಕುವುದು ಹೆಚ್ಚಾಗಿ ಹಿತ್ತಿಲಲ್ಲಿ ಕಟ್ಟಿದ ಮೇಕೆ ಅಥವಾ ಕುರಿ. ತಾಯಿ ಸತ್ತ ಮರಿಯನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಮನೆಗಳಲ್ಲಿ ಅದು ಮಕ್ಕಳ ಹಿಂದೆಯೇ ಓಡಾಡುತ್ತದೆ, ಹೆಸರು ಹಿಡಿದು ಕರೆದರೆ ಬರುತ್ತದೆ. ಅದರ ಕುತ್ತಿಗೆಯಿಂದ ರಕ್ತ ಸುರಿಯುವುದನ್ನು ಕಂಡಾಗ ಮನೆಯವರಿಗೆ ಮೊದಲು ಬರುವುದು ಸಂಕಟ, ಅದರ ಹಿಂದೆಯೇ ನಾಯಿಯ ಯಜಮಾನನ ಮೇಲೆ ಸಿಟ್ಟು. ಎರಡೂ ಸಹಜ. ಆದರೆ ಆ ಸಿಟ್ಟಿನಲ್ಲಿ ಅದೇ ನಾಯಿಯನ್ನು ಹೊಡೆದು ಕೊಂದರೆ ಅಥವಾ ಊರಾಚೆ ಓಡಿಸಿದರೆ, ಮೇಕೆಯ ಮತ್ತು ಮನೆಯವರ ಜೀವಕ್ಕೆ ಸಂಬಂಧಿಸಿದ ಮುಖ್ಯ ಮಾಹಿತಿಯೊಂದು ಕೈತಪ್ಪಿ ಹೋಗುತ್ತದೆ. ಕಚ್ಚಿದ ನಾಯಿ ಜೀವಂತವಾಗಿ, ಕಣ್ಣೆದುರಿಗೆ ಕಟ್ಟಿಹಾಕಿರಬೇಕು. ಅದಕ್ಕೆ ನೆರೆಯವನ ಸಹಕಾರ ಬೇಕೇ ಬೇಕು.

ಮೊದಲ ಹದಿನೈದು ನಿಮಿಷ

ರೇಬೀಸ್ ಎಂಬ ಹುಚ್ಚುನಾಯಿ ರೋಗದ ವೈರಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಕಚ್ಚಿದ ಗಾಯದಿಂದ ನರಗಳ ಮೂಲಕ ಮೆಲ್ಲಗೆ ಮಿದುಳಿಗೆ ಸಾಗುತ್ತದೆ. ನಾಯಿಗಳು ಮೇಕೆಯನ್ನು ಹೆಚ್ಚಾಗಿ ಕುತ್ತಿಗೆಗೋ ತಲೆಗೋ ಹಿಡಿಯುವುದರಿಂದ ಈ ದಾರಿ ಬಹಳ ಹತ್ತಿರದ್ದು. ರೋಗದ ಲಕ್ಷಣ ಒಮ್ಮೆ ತೋರಿದ ಮೇಲೆ ಪ್ರಾಣಿಯನ್ನು ಉಳಿಸುವ ಔಷಧಿ ಇಲ್ಲ. ಆದುದರಿಂದ ಗಾಯದಲ್ಲಿರುವ ಜೊಲ್ಲನ್ನು ಕೂಡಲೇ ತೊಳೆದು ತೆಗೆಯುವುದೇ ಮೊದಲ ಚಿಕಿತ್ಸೆ.

1. ಮೇಕೆಯನ್ನು ಮುಟ್ಟುವ ಮೊದಲು ಕೈಗೆ ರಬ್ಬರ್ ಕೈಚೀಲ ಹಾಕಿಕೊಳ್ಳಬೇಕು. ಅದಿಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನು ಕಟ್ಟಿಕೊಳ್ಳಬೇಕು. ಮಕ್ಕಳು ಅದನ್ನು ತಬ್ಬಿಕೊಳ್ಳದಂತೆ ನೋಡಿಕೊಳ್ಳಬೇಕು. ಮೇಕೆಯ ಕೂದಲಿಗೆ ಅಂಟಿದ ನಾಯಿಯ ಜೊಲ್ಲು ಮಕ್ಕಳ ಕೈಯ ಗೀರುಗಾಯಕ್ಕೆ ತಾಗಬಹುದು.

2. ರಕ್ತ ಜೋರಾಗಿ ಚಿಮ್ಮುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿದು ಮೊದಲು ಅದನ್ನು ನಿಲ್ಲಿಸಬೇಕು.

3. ಗಾಯದ ಸುತ್ತಲ ಕೂದಲನ್ನು ಕತ್ತರಿಸಿ, ನಲ್ಲಿಯ ಕೆಳಗೆ ಅಥವಾ ಚೆಂಬಿನಿಂದ ನೀರು ಸುರಿಯುತ್ತ, ಬಟ್ಟೆ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯುವುದು ಒಳಿತು.

4. ಬಳಿಕ ಪೊವಿಡೋನ್ ಅಯೊಡಿನ್ ದ್ರಾವಣ ಹಚ್ಚಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಎಣ್ಣೆ, ಸಗಣಿ ಇವುಗಳಲ್ಲಿ ಯಾವುದನ್ನೂ ಹಚ್ಚಕೂಡದು. ಬಿಸಿ ಕಬ್ಬಿಣದಿಂದ ಸುಡುವುದೂ ತಪ್ಪು.

ನಾಯಿಯ ಕೋರೆಹಲ್ಲು ಹೊರಗೆ ಮಾಡುವ ತೂತು ಚಿಕ್ಕದು. ಆದರೆ ನಾಯಿ ಕಚ್ಚಿ ಹಿಡಿದು ಜಗ್ಗಾಡಿಸುವುದರಿಂದ ಚರ್ಮ ಒಳಗಿನ ಮಾಂಸದಿಂದ ಬಿಡಿಸಿಕೊಂಡಿರುತ್ತದೆ, ಮಾಂಸ ಜಜ್ಜಿಹೋಗಿರುತ್ತದೆ. ಹೊರನೋಟಕ್ಕೆ ಎರಡು ತೂತು ಮಾತ್ರ ಕಂಡಿತೆಂದು ಸುಮ್ಮನಿದ್ದರೆ ಮೂರು ನಾಲ್ಕು ದಿನಗಳಲ್ಲಿ ಒಳಗೆ ಕೀವು ತುಂಬುತ್ತದೆ. ಇದೇ ಕಾರಣಕ್ಕೆ ಗಾಯವನ್ನು ಮನೆಯಲ್ಲಿ ಹೊಲಿಯಕೂಡದು, ಬಿಗಿಯಾಗಿ ಕಟ್ಟಿಯೂ ಇಡಕೂಡದು.

ವಸಡು ಬಿಳುಚಿಕೊಂಡು, ಕಿವಿ ತಣ್ಣಗಾಗಿ, ಉಸಿರು ಮೇಲುಮೇಲಕ್ಕೆ ಬರುತ್ತಿದ್ದರೆ ಮೇಕೆ ಆಘಾತದಲ್ಲಿದೆ ಎಂದು ತಿಳಿಯಬೇಕು. ಅದನ್ನು ನೆರಳಿನಲ್ಲಿ ಒಣಹುಲ್ಲಿನ ಮೇಲೆ ಮಲಗಿಸಿ ಗೋಣಿಚೀಲ ಹೊದಿಸಬೇಕು. ಬಾಯಿಗೆ ಬಲವಂತವಾಗಿ ನೀರು ಸುರಿಯಬಾರದು, ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಪಶುವೈದ್ಯರನ್ನು ಕೂಡಲೇ ಕರೆಸಬೇಕು. ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಫೋನ್ ಮಾಡಬಹುದು.

ಚುಚ್ಚುಮದ್ದಿನ ಲೆಕ್ಕ

ನಾಯಿ ಕಚ್ಚಿದ ಮೇಲೆ ಜಾನುವಾರಿಗೂ ರೇಬೀಸ್ ಲಸಿಕೆ ಕೊಡಿಸಬಹುದು. ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ ಐದು ಚುಚ್ಚುಮದ್ದುಗಳಿರುತ್ತವೆ: 0, 3, 7, 14 ಮತ್ತು 28ನೆಯ ದಿನ. ಮೊದಲನೆಯದನ್ನು ಹಾಕಿಸಿದ ದಿನವೇ ಸೊನ್ನೆ ದಿನ. ತಿಂಗಳ 1ನೆಯ ತಾರೀಖು ಮೊದಲನೆಯದಾದರೆ, ಉಳಿದವು 4, 8, 15 ಮತ್ತು 29ರಂದು ಬರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ಈ ತಾರೀಖುಗಳಿಗೆ ಗುರುತು ಹಾಕಿಡುವುದು ಉತ್ತಮ. ಎರಡು ಚುಚ್ಚುಮದ್ದಿಗೆ ಗಾಯ ಮಾಯಿತೆಂದು ಉಳಿದವನ್ನು ಬಿಟ್ಟುಬಿಡುವವರಿದ್ದಾರೆ. ಗಾಯ ಮಾಯುವುದಕ್ಕೂ ರೇಬೀಸ್ ಬರದಿರುವುದಕ್ಕೂ ಸಂಬಂಧವಿಲ್ಲ. ಧನುರ್ವಾಯು ತಡೆಯುವ ಚುಚ್ಚುಮದ್ದು, ಕೀವಾಗದಂತೆ ಕೊಡುವ ಔಷಧಿ ಇವುಗಳ ಬಗ್ಗೆಯೂ ಪಶುವೈದ್ಯರನ್ನು ಕೇಳಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಮೇಕೆಗೆ ನುಂಗಿಸಕೂಡದು.

ಮೇಕೆಯನ್ನು ಬಿಡಿಸಲು ಹೋದವರಿಗೆ ನಾಯಿಯ ಹಲ್ಲು ಅಥವಾ ಉಗುರು ತಾಗಿದ್ದರೆ, ಮೈಮೇಲಿನ ಗಾಯಕ್ಕೆ ಜೊಲ್ಲು ಬಿದ್ದಿದ್ದರೆ, ಅವರೂ ಗಾಯವನ್ನು ಹೀಗೆಯೇ 15 ನಿಮಿಷ ತೊಳೆದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಹೆದರಿಕೆ ಇನ್ನೂ ಕೆಲವರಲ್ಲಿದೆ. ಆ ಹಳೆಯ ಲಸಿಕೆಯನ್ನು ಭಾರತದಲ್ಲಿ 2004ರಲ್ಲಿಯೇ ಕೈಬಿಡಲಾಯಿತು. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ಸ್ನಾಯುವಿಗೆ ಹಾಕಿದರೆ 0, 3, 7, 14, 28ನೆಯ ದಿನ. ಚರ್ಮದ ಪದರದೊಳಗೆ ಹಾಕಿದರೆ 0, 3, 7, 28ನೆಯ ದಿನ. ಹಲ್ಲು ನಾಟಿ ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇನ್ನೊಂದು ಚುಚ್ಚುಮದ್ದೂ ಬೇಕಾಗುತ್ತದೆ.

ಹತ್ತು ದಿನ ನಾಯಿಯ ಮೇಲೆ ಕಣ್ಣು

ರೇಬೀಸ್ ತಗುಲಿದ ನಾಯಿಯ ಜೊಲ್ಲಿನಲ್ಲಿ ವೈರಾಣು ಕಾಣಿಸಿಕೊಳ್ಳುವುದು, ಆ ನಾಯಿಗೆ ಲಕ್ಷಣ ತೋರುವ ಕೆಲವೇ ದಿನಗಳ ಮುಂಚೆ. ಅನಂತರ ನಾಯಿ ಬೇಗ ಸಾಯುತ್ತದೆ. ಆದುದರಿಂದ ಕಚ್ಚಿದ ನಾಯಿ 10 ದಿನ ಕಳೆದರೂ ಆರೋಗ್ಯವಾಗಿ ಅನ್ನ ನೀರು ತೆಗೆದುಕೊಳ್ಳುತ್ತಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ತಿಳಿಯಬಹುದು. ಮುಂದಿನ ಚುಚ್ಚುಮದ್ದುಗಳ ವಿಚಾರವನ್ನು ಆಗ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಹತ್ತು ದಿನ ಕಾದು ನೋಡಿ ಲಸಿಕೆ ಆರಂಭಿಸೋಣ ಎನ್ನುವುದು ದೊಡ್ಡ ತಪ್ಪು. ಲಸಿಕೆ ಮೊದಲ ದಿನವೇ ಆರಂಭವಾಗಬೇಕು. ನಾಯಿಯ ಮೇಲಿನ ನಿಗಾ ಅದರ ಜೊತೆಯಲ್ಲಿ ನಡೆಯಬೇಕು.

ನಾಯಿಯನ್ನು ಕೊಂದುಹಾಕಿದರೆ ಈ ಹತ್ತು ದಿನದ ಉತ್ತರ ಸಿಕ್ಕುವುದಿಲ್ಲ. ವಿಷ ಹಾಕಿದರಂತೂ ಅದನ್ನು ತಿಂದ ಬೇರೆ ನಾಯಿ, ಬೆಕ್ಕು, ಹಕ್ಕಿಗಳೂ ಸಾಯುತ್ತವೆ. ಮೇಲಾಗಿ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ, ಹಾನಿ ಮಾಡುವ ಉದ್ದೇಶದಿಂದ ಪ್ರಾಣಿಯನ್ನು ಕೊಲ್ಲುವುದಕ್ಕೆ ಅಥವಾ ಅದಕ್ಕೆ ವಿಷವಿಕ್ಕುವುದಕ್ಕೆ ಐದು ವರ್ಷದವರೆಗೆ ಸಜೆಯಾಗಬಹುದು. ಮೇಕೆ ಕಳೆದುಕೊಂಡವನೇ ಕಟಕಟೆಯಲ್ಲಿ ನಿಲ್ಲುವ ಪ್ರಸಂಗ ಬರಬಾರದು.

ನೆರೆಯವನೊಡನೆ ಮಾತು

ಗಾಯ ತೊಳೆದು, ವೈದ್ಯರಿಗೆ ಹೇಳಿಕಳುಹಿಸಿದ ಮೇಲೆ ಮನೆಯ ಹಿರಿಯರೊಬ್ಬರು, ಊರಿನ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ನಾಯಿಯ ಯಜಮಾನನ ಬಳಿಗೆ ಹೋಗಬೇಕು. ಮೊದಲ ದಿನ ಕೇಳಬೇಕಾದದ್ದು ಎರಡೇ ಸಂಗತಿ. "ಅಣ್ಣಾ, ನಾಯಿಯನ್ನು ಹತ್ತು ದಿನ ಬಿಡಬೇಡ, ಕಟ್ಟಿಹಾಕಿರು. ಅದಕ್ಕೆ ಹುಚ್ಚಿನ ಸೂಜಿ ಹಾಕಿಸಿದ್ದರೆ ಚೀಟಿ ತೋರಿಸು. ಖರ್ಚಿನ ಮಾತು ಆಮೇಲೆ ಆಡೋಣ" ಎಂದರೆ ಸಾಕು. ಹಣದ ಮಾತನ್ನು ಮೊದಲೇ ಎತ್ತಿದರೆ "ನಮ್ಮ ನಾಯಿಯೇ ಅಲ್ಲ" ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ನಾಯಿಯೂ ರಾತ್ರೋರಾತ್ರಿ ಬೇರೆ ಊರು ಸೇರಬಹುದು.

ನಾಯಿಯ ಯಜಮಾನನೂ ತನ್ನ ಹೊಣೆಯನ್ನು ಅರಿಯಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಗೆ ಲಸಿಕೆ ಹಾಕಿಸುವ, ಜಂತುಹುಳುವಿನ ಔಷಧಿ ಕುಡಿಸುವ, ಸಂತಾನಹರಣ ಮಾಡಿಸುವ ಜವಾಬ್ದಾರಿ ಸಾಕಿದವನದೇ. ನಾಯಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಬಿಟ್ಟವನಿಗೆ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಹತ್ತು ದಿನ ಕಳೆದು ಮನಸ್ಸು ತಣಿದ ಮೇಲೆ, ಹಿರಿಯರ ಸಮಕ್ಷಮದಲ್ಲಿ ಪರಿಹಾರದ ಮಾತು ಆಡಬಹುದು. ಗಾಯದ ಫೋಟೊ, ಔಷಧಿಯ ರಸೀದಿ, ಪಶುವೈದ್ಯರ ಚೀಟಿ ಜೋಪಾನವಾಗಿರಬೇಕು. ಚಿಕಿತ್ಸೆಯ ಖರ್ಚು, ಮೇಕೆ ಸತ್ತಿದ್ದರೆ ಸಂತೆಯಲ್ಲಿ ಅದಕ್ಕಿದ್ದ ಬೆಲೆ, ಮುಂದೆ ನಾಯಿಯನ್ನು ಕಟ್ಟಿ ಸಾಕುವ ಒಪ್ಪಿಗೆ ಈ ಮೂರನ್ನೂ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಒಳ್ಳೆಯದು.

ಮೇಕೆಯ ಆರೈಕೆ

ಗಾಯಗೊಂಡ ಮೇಕೆಯನ್ನು ಬೇರೆಯಾಗಿ ಕಟ್ಟಬೇಕು; ಆದರೆ ಜೊತೆಯ ಮೇಕೆಗಳು ಅದಕ್ಕೆ ಕಾಣುವಂತಿರಬೇಕು. ಹಿಂಡಿನ ಪ್ರಾಣಿ ಒಂಟಿಯಾದರೆ ಇನ್ನಷ್ಟು ಹೆದರುತ್ತದೆ, ಮೇವು ಬಿಡುತ್ತದೆ. ದಾಳಿಯ ಬಳಿಕ ಕೆಲವು ದಿನ ಅದು ನಾಯಿ ಬೊಗಳಿದರೆ ನಡುಗುವುದು, ಆ ಜಾಗಕ್ಕೆ ಹೋಗಲು ಒಪ್ಪದಿರುವುದು ಸಹಜ. ದಿನವೂ ಒಬ್ಬರೇ ಮೇವು ಹಾಕಬೇಕು. ಅಗಸೆ, ಸುಬಾಬುಲ್, ಹಲಸಿನ ಸೊಪ್ಪಿನಂಥ ಇಷ್ಟದ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಗಾಯದ ಮೇಲೆ ನೊಣ ಕೂತು ಹುಳು ಬೀಳದಂತೆ ದಿನಕ್ಕೆ ಎರಡು ಬಾರಿ ನೋಡಬೇಕು. ಗಬ್ಬದ ಮೇಕೆಯಾದರೆ ಕಂದು ಹಾಕುವ ಸಂಭವವಿರುವುದರಿಂದ ಹೆಚ್ಚಿನ ಎಚ್ಚರ ಅಗತ್ಯ.

ಇಂಥ ಮೇಕೆಯ ಹಾಲನ್ನು ಹಸಿಯಾಗಿ ಕುಡಿಯಕೂಡದು. ಕುದಿಸಿದರೆ ವೈರಾಣು ನಾಶವಾಗುತ್ತದೆ. ಆದರೆ ಕರೆಯುವವರ ಕೈಗೆ ಮೇಕೆಯ ಜೊಲ್ಲು ತಾಗಬಾರದು. ರೋಗಲಕ್ಷಣ ಕಂಡರೆ ಹಾಲನ್ನು ಪೂರ್ತಿ ಚೆಲ್ಲಬೇಕು. ಕಚ್ಚಿಸಿಕೊಂಡ ಮೇಕೆಯನ್ನು ಅಂದು ಸಂಜೆಯೇ ಕಟುಕರಿಗೆ ಮಾರುವ ಅಭ್ಯಾಸ ಕೆಲವೆಡೆ ಉಂಟು. ಇದರಿಂದ ಮನೆಯ ನಷ್ಟ ಕಡಿಮೆಯಾದೀತು, ಆದರೆ ಅಪಾಯ ಕೊಯ್ಯುವವನ ಕೈಗೆ ದಾಟುತ್ತದೆ.

ಲಕ್ಷಣಗಳು ಕೆಲವು ವಾರಗಳಲ್ಲಿ ಅಥವಾ ಕೆಲವು ತಿಂಗಳ ಅನಂತರ ತೋರಬಹುದು. ಜೊಲ್ಲು ಸುರಿಸುವುದು, ದನಿ ಬದಲಾಗಿ ಬಿಡದೆ ಅರಚುವುದು, ಮೇವು ನುಂಗಲಾಗದಿರುವುದು, ಹಿಂಗಾಲು ಎಳೆಯುವುದು, ಹಾಯಲು ಬರುವುದು ಮುಖ್ಯವಾದವು. ನುಂಗಲಾಗದ ಪ್ರಾಣಿಯ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಕೈ ಹಾಕುವುದು ಬಹಳ ಅಪಾಯಕರ. ಹಾಗೆ ಕಂಡೊಡನೆ ಅದನ್ನು ಕಟ್ಟಿ, ದೂರ ನಿಂತು, ಪಶುವೈದ್ಯರನ್ನು ಕರೆಸಬೇಕು.

ಮೇಕೆ ಸತ್ತರೆ, ವಿಮೆಯಿದ್ದಲ್ಲಿ ಮೊದಲು ವಿಮಾ ಕಚೇರಿಗೂ ಪಶುವೈದ್ಯರಿಗೂ ತಿಳಿಸಬೇಕು. ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ಕಿವಿಯ ಬಿಲ್ಲೆಯನ್ನು ತೆಗೆಯಬಾರದು. ಅನಂತರ ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬಯಲಿಗೆ ಎಸೆದರೆ ಅದೇ ನಾಯಿಗಳು ಬಂದು ತಿನ್ನುತ್ತವೆ. ಮಕ್ಕಳಿಗೆ "ಮಾರಿಬಿಟ್ಟೆವು" ಎಂದು ಸುಳ್ಳು ಹೇಳುವುದಕ್ಕಿಂತ ನಡೆದದ್ದನ್ನು ಸಮಾಧಾನವಾಗಿ ತಿಳಿಸಿ, ಹೂಳಿದ ಜಾಗವನ್ನು ತೋರಿಸುವುದು ಮೇಲು. ಅವರ ದುಃಖ ಸಣ್ಣದೆಂದು ಗದರಿಸಬಾರದು.

ಮತ್ತೆ ಆಗದಂತೆ

ಒಮ್ಮೆ ಮೇಕೆ ಹಿಡಿದ ನಾಯಿ ಮತ್ತೆ ಬರುವ ಸಂಭವ ಹೆಚ್ಚು. ಕತ್ತಲಾಗುವ ಮುಂಚೆಯೇ ಮೇಕೆಗಳನ್ನು ಬಾಗಿಲಿರುವ ಕೊಟ್ಟಿಗೆಗೆ ಸೇರಿಸಬೇಕು. ಹಗಲು ಹಗ್ಗದಲ್ಲಿ ಕಟ್ಟಿದ ಮೇಕೆ ತಪ್ಪಿಸಿಕೊಳ್ಳಲಾರದು. ಅದನ್ನು ಕಣ್ಣಳತೆಯಲ್ಲಿಯೇ ಕಟ್ಟಬೇಕು. ನಾಯಿ ಸಾಕಿದವರು ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ವರ್ಷಕ್ಕೊಮ್ಮೆ ತಪ್ಪದೆ ಮುಂದುವರಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ದಿನವನ್ನು ನೆಪಮಾಡಿಕೊಂಡು ಊರಿನ ಎಲ್ಲ ನಾಯಿಗಳಿಗೂ ಒಟ್ಟಿಗೆ ಲಸಿಕೆ ಹಾಕಿಸಲು ವಿಸ್ತರಣಾ ಕಾರ್ಯಕರ್ತರು ಪಶು ಆಸ್ಪತ್ರೆಯೊಡನೆ ಮಾತಾಡಿ ಏರ್ಪಾಡು ಮಾಡಬಹುದು.

ಎರಡು ಮನೆಗಳ ನಡುವಿನ ಬೇಲಿ ಒಂದೇ, ಬೇಸಿಗೆಯಲ್ಲಿ ನೀರು ಸೇದುವ ಬಾವಿಯೂ ಒಂದೇ ಇರಬಹುದು. ಮೇಕೆ ಉಳಿದರೂ ಸತ್ತರೂ ಆ ಇಬ್ಬರು ಅಕ್ಕಪಕ್ಕದಲ್ಲಿಯೇ ಬಾಳಬೇಕು. ಗಾಯವನ್ನು ಕೂಡಲೇ ತೊಳೆದು, ಲಸಿಕೆಯನ್ನು ಮೊದಲ ದಿನವೇ ಆರಂಭಿಸಿ, ನಾಯಿಯನ್ನು ಹತ್ತು ದಿನ ಕಟ್ಟಿಸಿದ ರೈತ ತನ್ನ ಮೇಕೆಯ ಜೊತೆಗೆ ಎರಡೂ ಮನೆಯ ಮಕ್ಕಳನ್ನು ಕಾಪಾಡಿದಂತೆ.