ಕುಟ್ಟೋದು ಮೂರನೇ ಮಹಡಿ, ಕೇಳೋದು ಎರಡನೇ ಮಹಡಿ

ನಾವು ಮೂವರು ರೂಮ್‌ಮೇಟ್ಸ್ ಕಾಲೇಜಿನ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯಲ್ಲಿದ್ದೇವೆ. ಈ ಸೆಮಿಸ್ಟರ್ ಚರ್ಮದ ಪರ್ಸ್ ಮಾಡೋ ಹುಚ್ಚು ಹಿಡಿಯಿತು. ಚರ್ಮ ಹೊಲಿಯುವ ಮೊದಲು ಸಾಲಾಗಿ ತೂತು ಮಾಡಬೇಕು. ಅದಕ್ಕೆ ಬಾಚಣಿಗೆಯ ಹಾಗೆ ಹಲ್ಲಿರುವ ಉಳಿಯನ್ನಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ರಾತ್ರಿ ಬೇಡ ಅಂತ ಭಾನುವಾರ ಬೆಳಗ್ಗೆ 11ಕ್ಕೆ ಶುರು ಮಾಡಿದೆವು.

ಕಾಲು ಗಂಟೆಯಲ್ಲಿ ಕೆಳಗಿನ ಮನೆಯ ಅಕ್ಕ ಬಂದರು. ಅವರು ನರ್ಸ್. ನೈಟ್ ಡ್ಯೂಟಿ ಮುಗಿಸಿ ಆಗಷ್ಟೇ ಮಲಗಿದ್ದರಂತೆ. "ಏನ್ರಪ್ಪಾ, ನನ್ನ ತಲೆ ಮೇಲೇ ಕುಟ್ಟಿದ ಹಾಗಾಗ್ತಿದೆ" ಅಂದರು. ಬೈಯಲಿಲ್ಲ. ಅದಕ್ಕೇ ನಮಗೆ ಇನ್ನೂ ಬೇಜಾರಾಯಿತು.

ಮುಂದಿನ ವಾರ ಕಿಟಕಿ, ಬಾಗಿಲು ಮುಚ್ಚಿ, ಪರದೆ ಎಳೆದು ಹೊಡೆದೆವು. ಕೆಳಗೆ ಏನೂ ಕಮ್ಮಿಯಾಗಿರಲಿಲ್ಲ. ಯಾಕೆ?

ಶಬ್ದಕ್ಕೆ ಎರಡು ದಾರಿಗಳಿವೆ. ಒಂದು ಗಾಳಿ, ಇನ್ನೊಂದು ಕಟ್ಟಡ. ಏಟಿನ ಕಂಪನ ಮೇಜಿನ ಕಾಲಿನಿಂದ ಕಾಂಕ್ರೀಟ್ ಸ್ಲ್ಯಾಬಿಗೆ ಇಳಿಯುತ್ತದೆ. ಕೆಳಗಿನ ಮನೆಗೆ ಅದೇ ಸ್ಲ್ಯಾಬ್ ಸ್ಪೀಕರ್ ಆಗುತ್ತದೆ. ಪರದೆ ತಡೆಯೋದು ಗಾಳಿಯ ದಾರಿಯನ್ನು ಮಾತ್ರ, ಅದೂ ಸ್ವಲ್ಪ. ನಾವು ಕತ್ತರಿಸಬೇಕಾದದ್ದು ಎರಡನೇ ದಾರಿ.

1. ತೂಕ: ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡು ತನ್ನಿ. 30 ಸೆಂ.ಮೀ. ಚೌಕ, 2 ಸೆಂ.ಮೀ. ದಪ್ಪದ ತುಂಡು ಸುಮಾರು 5 ಕೆ.ಜಿ. ಬರುತ್ತದೆ. ಎರಡನ್ನು ಅಂಟಿಸಿದರೆ 10. ಒಂದೇ ಏಟಿಗೆ, ತೂಕ ಎರಡರಷ್ಟಾದರೆ ಕಲ್ಲು ಚಲಿಸುವ ವೇಗ ಅರ್ಧವಾಗುತ್ತದೆ, ಅದರ ಚಲನಶಕ್ತಿಯೂ ಅರ್ಧ.

2. ಸ್ಪ್ರಿಂಗ್: ಕಲ್ಲಿನ ಕೆಳಗೆ ಮೆತ್ತನೆ ರಬ್ಬರ್ ಇಡಿ. ಕಲ್ಲಿಟ್ಟಾಗ ರಬ್ಬರ್ ಎಷ್ಟು ಮಿ.ಮೀ. ಕುಗ್ಗಿತು ಅಂತ ಅಳೆಯಿರಿ. 16 ಅನ್ನು ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸಹಜ ಆವರ್ತನ ಸುಮಾರಾಗಿ ಹರ್ಟ್ಸ್‌ನಲ್ಲಿ ಸಿಗುತ್ತದೆ. 1 ಮಿ.ಮೀ. ಕುಗ್ಗಿದರೆ 16 ಹರ್ಟ್ಸ್. ಅದರ √2 ಪಟ್ಟು, ಅಂದರೆ ಸುಮಾರು 23 ಹರ್ಟ್ಸ್ ದಾಟಿದ ಮೇಲಷ್ಟೇ ಕಂಪನ ಕಮ್ಮಿಯಾಗಿ ಕೆಳಗಿಳಿಯುತ್ತದೆ. ಇದು ಅಂದಾಜು ಮಾತ್ರ. ಏಟು ಬಿದ್ದಾಗ ರಬ್ಬರ್ ಇನ್ನೂ ಗಡುಸಾಗಿ ವರ್ತಿಸುತ್ತದೆ. ಕುಗ್ಗದೇ ಇರೋ ಗಟ್ಟಿ ರಬ್ಬರ್ ಹಾಕಿದರೆ ಲಾಭವಿಲ್ಲ.

3. ಕ್ರಮ: ನಾವು ಮೊದಲು ಮಾಡಿದ ತಪ್ಪು ಇಲ್ಲೇ. ಮೆತ್ತನೆ ಮ್ಯಾಟನ್ನು ಚರ್ಮದ ಕೆಳಗೇ ಇಟ್ಟೆವು. ಅದು ಏಟನ್ನೇ ನುಂಗಿತು, ಎರಡು ಪಟ್ಟು ಹೊಡೆಯಬೇಕಾಯಿತು. ಮೇಲಿನಿಂದ ಕೆಳಕ್ಕೆ ಸರಿಯಾದ ಕ್ರಮ ಹೀಗಿದೆ: ಚರ್ಮ, ತೆಳು ಪ್ಲಾಸ್ಟಿಕ್ ಕಟಿಂಗ್ ಬೋರ್ಡ್, ಗ್ರಾನೈಟ್, ರಬ್ಬರ್, ಮೇಜು.

4. ಜಾಗ: ಮೇಜಿನ ನಡುವೆ ಬೇಡ, ಅದು ತಮಟೆಯ ಹಾಗೆ ಬಡಿದುಕೊಳ್ಳುತ್ತದೆ. ಕಾಲಿನ ನೇರಕ್ಕೆ ಕಲ್ಲಿಡಿ, ಕಾಲಿನ ಕೆಳಗೂ ರಬ್ಬರ್ ತುಂಡು ಹಾಕಿ. ಮೇಜನ್ನು ರೂಮಿನ ಮಧ್ಯ ಬಿಟ್ಟು ಗೋಡೆಯ ಮೂಲೆಗೆ ಸರಿಸಿ. ಬೀಮ್, ಕಂಬಗಳ ಹತ್ತಿರ ಸ್ಲ್ಯಾಬ್ ಕಮ್ಮಿ ಅಲುಗಾಡುತ್ತದೆ.

5. ಸುತ್ತಿಗೆ: ಕಬ್ಬಿಣದ್ದು ಬಿಟ್ಟು ಪ್ಲಾಸ್ಟಿಕ್ ಅಥವಾ ಮರದ್ದು ಬಳಸಿ. ತಾಗುವ ಸಮಯ ಹೆಚ್ಚಾಗಿ, ಬಲದ ಗರಿಷ್ಠ ಮಟ್ಟ ಇಳಿಯುತ್ತದೆ, ಕಿವಿಗೆ ಚುಚ್ಚೋ ಶಬ್ದವೂ ಇಳಿಯುತ್ತದೆ. ಆರು ಹಲ್ಲಿನ ಉಳಿಯ ಬದಲು ಎರಡು ಹಲ್ಲಿನದಾದರೆ ಮೆಲ್ಲಗೆ ಹೊಡೆದರೂ ಸಾಕು.

ಇಷ್ಟು ಮಾಡಿ, ಅಕ್ಕ ಎದ್ದಿರೋ ಹೊತ್ತಲ್ಲಿ ಕೇಳಿಕೊಂಡು, ನಮ್ಮಲ್ಲೊಬ್ಬ ಅವರ ಮನೆಯಲ್ಲಿ ಕೂತ. ಮೇಲೆ ಇಬ್ಬರು ಹೊಡೆದೆವು. ಮೊದಲಿನ 'ಠಣ್ ಠಣ್' ಹೋಗಿ ಸಣ್ಣ 'ಡಬ್' ಉಳಿದಿತ್ತು. ಪೂರ್ತಿ ಹೋಗಲಿಲ್ಲ.

ಆ ಉಳಿದ 'ಡಬ್'ಗೆ ಉತ್ತರ ಕಾಲೇಜ್ ಗೇಟಿನ ಹತ್ತಿರ ಚಪ್ಪಲಿ ಹೊಲಿಯುವ ಅಣ್ಣನ ಕೈಯಲ್ಲಿತ್ತು. ಅವರು ಹೊಲಿಗೆಗೆ ಸುತ್ತಿಗೆ ಮುಟ್ಟೋದೇ ಇಲ್ಲ. ಹಿಡಿಯಿರುವ ಚೂಪು ಮೊನೆಯ ಸಾಧನವನ್ನು ಒತ್ತಿ ತೂತು ಮಾಡ್ತಾರೆ, ಅದರಲ್ಲೇ ದಾರ ಎಳೀತಾರೆ. ಈಗ ನಾವೂ ಉಳಿಯಿಂದ ಬರೀ ಗುರುತು ಒತ್ತಿ, ಆಮೇಲೆ ಕೈಯಿಂದ ಚುಚ್ಚುತ್ತೇವೆ. ನಿಧಾನ, ಆದರೆ ಶಬ್ದವಿಲ್ಲ. ಕೈ ಜಾರದ ಹಾಗೆ ಚರ್ಮದ ಹಿಂದೆ ಕಾರ್ಕ್ ತುಂಡು ಹಿಡಿಯಿರಿ, ಬೆರಳಲ್ಲ.

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಆದರೆ ನೈಟ್ ಡ್ಯೂಟಿಯವರಿಗೆ ಬೆಳಗ್ಗೆ 11 ಗಂಟೆಯೇ ನಡುರಾತ್ರಿ ಅಂತ ಆ ನಿಯಮದಲ್ಲಿಲ್ಲ. ಅಕ್ಕನ ಡ್ಯೂಟಿ ಚಾರ್ಟ್ ಈಗ ನಮ್ಮ ಫ್ರಿಜ್ ಮೇಲಿದೆ. ನೀವೂ ಕಲ್ಲು, ರಬ್ಬರ್ ತರೋ ಮೊದಲು ಒಂದು ಸಲ ಕೆಳಗಿನ ಮನೆಯ ಬಾಗಿಲು ತಟ್ಟಿ, ಅವರು ಯಾವಾಗ ಮಲಗ್ತಾರೆ ಅಂತ ಕೇಳಿ.